ಆಳಠಾಣೆಯ ಜೊತೆಪತ್ರ

ಆಳಠಾಣೆ, ಕ್ರಿ.ಶ. 2231, ಫೆಬ್ರುವರಿ 30

ಎರಡು ಶತಮಾನಗಳ ಹಿಂದಿನ ಮಾನ್ಯ ಓದುಗರೇ,

ಹಿಂದಿನ ಪತ್ರದಲ್ಲಿ ತಪ್ಪು ಬರೆದೆ, ಕ್ಷಮಿಸಬೇಕು. ಅದು ಮರೆವಿನಿಂದಲ್ಲ, ಅಂಜಿಕೆಯಿಂದ ಆದದ್ದು. ಮೇಲಿನ ದಿನಾಂಕ ಮಾತ್ರ ಸರಿಯಾಗಿದೆ: ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತು ದಿನ. ಅಪರಿಚಿತ ಮಾತುಗಳು ಇನ್ನೂ ಬರುತ್ತವೆ, ಸಹಿಸಿಕೊಳ್ಳಿ.

ಸಲಿಂಗಪ್ರೇಮಿಗಳು ತಮ್ಮ ಬಾಳನ್ನು ಮುಚ್ಚಿಡದೆ ಸೈನ್ಯದಲ್ಲಿರಬಹುದೇ ಎಂದು ನೀವು ಚರ್ಚಿಸುತ್ತಿದ್ದೀರಿ. ನಮ್ಮಲ್ಲಿ 2188ರಲ್ಲಿ ಅದಕ್ಕೆ ಕಾಯಿದೆ ಬಂದಿತು, ಅಂದೇ ನಾವು ಬಿಡುಗಡೆ ಹೊಂದಿದೆವು ಎಂದು ಬರೆದಿದ್ದೆ. ಕಾಯಿದೆ ಬಂದದ್ದು ನಿಜ.

ಆಳಠಾಣೆಯೆಂದರೆ ಕಡಲ ತಳದಲ್ಲಿರುವ ಸೈನ್ಯದ ಕಾವಲುಮನೆ. ನಲವತ್ತು ಮಂದಿಗೆ ಹನ್ನೆರಡು ಕೋಣೆ, ಕಿಟಕಿಯಿಲ್ಲ. ಒಗೆದ ಬಟ್ಟೆ ಪೂರ್ತಿ ಒಣಗುವುದಿಲ್ಲ. ಪಕ್ಕದ ಕೋಣೆಯವನ ಕೆಮ್ಮನ್ನು ಗೋಡೆ ತಡೆಯದು. ನಾನಿಲ್ಲಿ ಹಾಜರಿ ಬರೆಯುವ ಕರಣಿಕನಾಗಿದ್ದೆ. ಬೆಳಗಾವಿ ಕಡೆಯ ದುಂಡಪ್ಪ ಠಾಣೆಗೆ ಉಸಿರೊದಗಿಸುವ ಗಾಳಿಯಂತ್ರಗಳನ್ನು ನೋಡಿಕೊಳ್ಳುತ್ತಿದ್ದ. ನಾವಿಬ್ಬರು ದಂಪತಿಗಳಂತೆ ಬಾಳಿದೆವು. ಹಾಗೆಂದು ಯಾರಿಗೂ ಹೇಳಲಿಲ್ಲ.

ಹೊಸ ಕಾಯಿದೆಯಂತೆ ಇಬ್ಬರೂ ಅಧಿಕಾರಿಯ ಎದುರು ನಿಂತು ಜೊತೆಪತ್ರಕ್ಕೆ ಸಹಿ ಮಾಡಿದರೆ ಸೈನ್ಯ ನಮ್ಮನ್ನು ಒಂದೇ ಮನೆಯವರೆಂದು ಮನ್ನಿಸುತ್ತಿತ್ತು. ಆದರೆ ಒಂದೇ ಮನೆಯ ಇಬ್ಬರು ಒಂದು ಠಾಣೆಯಲ್ಲಿರಬಾರದು. ಒಂದು ಅಪಘಾತಕ್ಕೆ ಮನೆಯೇ ಬರಿದಾಗದಿರಲೆಂದು ಅಣ್ಣತಮ್ಮಂದಿರಿಗಾಗಿ ಹಿಂದೆಯೇ ಮಾಡಿದ ನಿಯಮವದು. ಸಹಿ ಮಾಡಿದರೆ ಅಗಲಬೇಕು, ಮಾಡದಿದ್ದರೆ ಮುಚ್ಚಿಡಬೇಕು.

ದುಂಡಪ್ಪ ಸಿದ್ಧನಿದ್ದ. ನಾನು ಏಳು ವರ್ಷ ಮುಂದೂಡಿದೆ. ಕಂಡವರ ಮಾತನ್ನೆಲ್ಲ ತಿದ್ದುತ್ತೇನೆಂದು ಅವನು ನನ್ನನ್ನು ಮಾಸ್ತರನೆಂದೇ ಗೇಲಿ ಮಾಡುತ್ತಿದ್ದ. ಒಮ್ಮೆ ಹಾಜರಿ ವಹಿಯ ಮೇಲೆ ಬಾಗಿ ಹೇಳಿದ: “ಮಾಸ್ತರ, ಎಲ್ಲಾರ ಹೆಸರಿನ ಮುಂದ ಮನಿಯವರ ಹೆಸರ ಐತಿ. ನನ್ನ ಹೆಸರಿನ ಮುಂದ ಬರೇ ಗೆರಿ ಎಳದೀರಿ. ನಾ ಸತ್ರ ಆ ಗೆರಿಗೆ ಹೋಗಿ ಹೇಳ್ತೀರೇನು?”

ಮುಂದಿನ ವರ್ಷ ನೋಡೋಣವೆಂದೆ.

ಮುಂದಿನ ವರ್ಷ ಗಾಳಿಯಂತ್ರ ಸಿಡಿದು ಅವನು ತೀರಿಕೊಂಡ. ಠಾಣೆಯಲ್ಲೊಂದು ಪದ್ಧತಿಯಿದೆ. ಸತ್ತವನ ಹೆಸರನ್ನು ಹನ್ನೊಂದು ದಿನ ಹಾಜರಿಯಲ್ಲಿ ಕೂಗಬೇಕು. ಬೇರೆಡೆಯಿರುವ ಅವನ ಮನೆಯವರು ಧ್ವನಿತಂತಿಯ ಮೂಲಕ ಓಗೊಡಬೇಕು. ದುಂಡಪ್ಪನಿಗೆ ಬೇರೆಡೆ ಯಾರೂ ಇರಲಿಲ್ಲ. ಇರಬೇಕಾಗಿದ್ದ ನಾನು ಇಲ್ಲಿದ್ದೆ. ಹನ್ನೊಂದು ದಿನವೂ ಅವನ ಹೆಸರು ಕೂಗಿ, ಪದ್ಧತಿಯಂತೆ ಹತ್ತು ಉಸಿರು ಕಾದು, ‘ಓಗೊಡುವವರಿಲ್ಲ’ ಎಂದು ನನ್ನ ಕೈಯಿಂದಲೇ ಬರೆದೆ.

ನನಗೀಗ ಎಂಬತ್ತರ ಹತ್ತಿರ. ಐವತ್ತೈದು ವರ್ಷ ಕಡಲಾಳದ ಈ ಗಾಳಿಯೊತ್ತಡದಲ್ಲಿ ಉಸಿರಾಡಿದ ದೇಹ ಮೇಲಿನ ಗಾಳಿಯನ್ನು ತಾಳದೆಂದು ಇಲ್ಲಿಯೇ ಇರಿಸಿಕೊಂಡಿದ್ದಾರೆ. ನಿಮ್ಮಲ್ಲಿ ನನ್ನ ಬಿನ್ನಹವಿಷ್ಟೇ: ಅನುಮತಿಯನ್ನು ಕೊಡಿ, ಕೊಡುವ ಮುನ್ನ ಅದಕ್ಕೆ ತಗಲುವ ಹಳೆಯ ನಿಯಮಗಳನ್ನೂ ಓದಿ ನೋಡಿ. ತಪ್ಪನ್ನೆಲ್ಲ ನಿಯಮದ ಮೇಲೆ ಹೊರಿಸಲಾರೆ. ಆ ಏಳು ವರ್ಷಗಳು ನನ್ನವು.

ಇತಿ,
ತೋಂಟದಾರ್ಯ,
ಹಾಜರಿ ಕರಣಿಕ, ನಿವೃತ್ತ

ಹಿಂದಿನ ಪತ್ರದ ದಿನಾಂಕಗಳು, ತಿದ್ದಿದಂತೆ:

ದುಂಡಪ್ಪನ ಪರಿಚಯವಾದದ್ದು: 2188 ಎಂದಿತ್ತು. 2176 ಎಂದು ಓದಿಕೊಳ್ಳುವುದು. ಕಾಯಿದೆಗೆ ಹಿಂದಿನ ವರ್ಷಗಳನ್ನು ಬರೆಯಲು ಅಂಜಿದ್ದೆ.

ಅವನ ಮರಣ: 2195, ಏಪ್ರಿಲ್ 9 ಎಂದಿತ್ತು. ಅದು ಯಂತ್ರ ಸಿಡಿದ ದಿನ. ತೀರಿಕೊಂಡದ್ದು ಏಪ್ರಿಲ್ 11. ನಡುವಣ ಎರಡು ದಿನ ಅವನೊಡನೆ ಮಾತನಾಡಲು ಮನೆಯವರಿಗೆ ಮಾತ್ರ ಅವಕಾಶವಿತ್ತು. ನಾನು ಬಾಗಿಲಾಚೆ ಇದ್ದೆ.

ನಾವು ಜೊತೆಪತ್ರಕ್ಕೆ ಸಹಿ ಮಾಡಿದ್ದು: 2188, ಕಾಯಿದೆ ಬಂದ ಮರುದಿನ ಎಂದಿತ್ತು. ಅದನ್ನು ಹೊಡೆದುಹಾಕುವುದು. ಅದರ ಬದಲಿಗೆ ಬರೆಯಲು ದಿನಾಂಕವಿಲ್ಲ.