ಹನ್ನೊಂದು ವರ್ಷ ಬಾಲ ತಿಂದ ಅತ್ತೆಗೆ ಒಂದು ಇಡೀ ಮೀನು

ನದಿಗಳನ್ನು ತೆರೆಯುವ ಮತ್ತು ಮುಚ್ಚುವ ಅಧಿಕಾರವುಳ್ಳ ಪ್ರಾದೇಶಿಕ ನಿರ್ದೇಶಕರಿಗೆ,

ಮಾನ್ಯರೇ,

ನಮ್ಮ ಸ್ಯಾಡಲ್ ನದಿಯಲ್ಲಿ ಗಾಳ ಹಾಕಿ ಸಾಲ್ಮನ್ ಹಿಡಿಯುವ ಕಾಲ ಜೂನ್ ಒಂದಕ್ಕೆ ಶುರುವಾಗಿ ಸೆಪ್ಟೆಂಬರ್ ಏಳಕ್ಕೆ ಮುಗಿಯುತ್ತದೆ. ಈ ಸಲ ಹಿಡಿದ ಮೀನನ್ನು ಮನೆಗೆ ಒಯ್ಯಬಹುದೋ ಇಲ್ಲವೋ ಎಂದು ತೀರ್ಮಾನಿಸುವ ನಿಮ್ಮ ಸಭೆ ಸೆಪ್ಟೆಂಬರ್ ಹತ್ತಕ್ಕೆ ಗೊತ್ತಾಗಿದೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದವರ ಬಗ್ಗೆ ಕೇಳಿದ್ದೆವು. ಊರೇ ಎದ್ದು ಹೋದ ಮೇಲೆ ಬಾಗಿಲು ತೆರೆಯುವವರನ್ನು ಈಗ ನೋಡುತ್ತಿದ್ದೇವೆ. ನಿಮ್ಮ ಮೇಜಿನ ಮೇಲಿರುವ ಕ್ಯಾಲೆಂಡರ್ ಯಾವ ಅಂಗಡಿಯವರು ಉಚಿತವಾಗಿ ಕೊಟ್ಟದ್ದೋ ತಿಳಿಯದು, ದಯವಿಟ್ಟು ಅದನ್ನು ಒಮ್ಮೆ ಬದಲಾಯಿಸಿ ನೋಡಿ.

ನಾನು ಮೆಲ್ವೀನಾ ಕೀಪಿಂಗ್. ಸ್ಯಾಡಲ್ ಆರ್ಮ್ ಎಂಬ ನಲವತ್ತಮೂರು ಮನೆಗಳ ಊರಿನಲ್ಲಿ ಮೂವತ್ತೆಂಟು ವರ್ಷ ಅಂಚೆ ಕಚೇರಿ ನಡೆಸಿದವಳು. ನಿಯಮ ಎಂದ ಕೂಡಲೇ ಮೂಗು ಮುರಿಯುವವರ ಪೈಕಿ ಅಲ್ಲ. ಅಂಚೆಚೀಟಿ ಕಡಿಮೆ ಅಂಟಿಸಿದ ಪತ್ರವನ್ನು ನನ್ನ ಒಡಹುಟ್ಟಿದ ತಮ್ಮನಿಗೂ ವಾಪಸು ಕೊಟ್ಟವಳು ನಾನು; ಅದಕ್ಕಾಗಿ ಅವನು ಎರಡು ಕ್ರಿಸ್‌ಮಸ್ ನನ್ನೊಂದಿಗೆ ಮಾತು ಬಿಟ್ಟಿದ್ದ. ಆದ್ದರಿಂದ ಇದನ್ನು ಯಾರೋ ಹಟಮಾರಿಯ ಗೊಣಗಾಟ ಎಂದು ಕಡತಗಳ ಅಡಿಗೆ ಹಾಕಬೇಡಿ. ಅಲ್ಲಿ ಎಷ್ಟು ಬೆಚ್ಚಗಿರುತ್ತದೆ, ಅಲ್ಲಿಗೆ ಹೋದದ್ದಕ್ಕೆ ಎಷ್ಟು ಒಳ್ಳೆಯ ನಿದ್ದೆ ಬರುತ್ತದೆ ಎಂಬುದು ನನಗೂ ಗೊತ್ತು.

ನಮ್ಮೂರಲ್ಲಿ ಎಪ್ಪತ್ತು ದಾಟಿದವರೆಲ್ಲ ಎಲ್ಲರಿಗೂ ಅತ್ತೆ, ಮಾವ. ರಕ್ತಸಂಬಂಧ ಕೇಳುವವರಿಲ್ಲ. ಹಾಗೆಯೇ ವರ್ಷದ ಮೊದಲ ಸಾಲ್ಮನ್ ಯಾರ ಗಾಳಕ್ಕೆ ಬಿದ್ದರೂ ಅದು ಅವರದಲ್ಲ, ಊರಿನ ಅತಿ ಹಿರಿಯ ಜೀವದ್ದು. ಹಿಡಿದವನು ಅದನ್ನು ಒಯ್ದು ಆ ಹಿರಿಯರ ಅಡುಗೆಮನೆಯ ಮೇಜಿನ ಮೇಲಿಡಬೇಕು, ಕೊಟ್ಟ ಚಹಾ ಕುಡಿಯಬೇಕು, ಮೀನಿನ ರುಚಿ ನೋಡದೆ ಹೊರಡಬೇಕು. ಹಿರಿಯರು ತಲೆಯನ್ನೂ ನಡುವನ್ನೂ ಹಂದಿಕೊಬ್ಬಿನ ಚೂರು, ಆಲೂಗಡ್ಡೆ ಹಾಕಿ ಬೇಯಿಸಿಕೊಂಡು ತಿನ್ನುತ್ತಾರೆ. ಬಾಲದ ತುಂಡನ್ನು ಮಾತ್ರ ವಯಸ್ಸಿನಲ್ಲಿ ಎರಡನೆಯವರಿಗೆ ತಮ್ಮ ಕೈಯಾರೆ ಕೊಡುತ್ತಾರೆ. ಅದು ಆಗುವವರೆಗೆ ಬೇರೆ ಯಾರ ಒಲೆಯ ಮೇಲೂ ಸಾಲ್ಮನ್ ಏರುವುದಿಲ್ಲ. ಇದನ್ನು ಯಾರೂ ಬರೆದಿಟ್ಟಿಲ್ಲ, ಯಾರೂ ಮುರಿದದ್ದೂ ಇಲ್ಲ. ನಿಮ್ಮ ಅರವತ್ತು ಪುಟದ ನಿಯಮಾವಳಿಗೆ ಈ ಭಾಗ್ಯ ಇದೆಯೇ?

ಟ್ರೈಫೀನಾ ಅತ್ತೆಗೆ ಈಗ ತೊಂಬತ್ತಮೂರು. ಅವರು ಹನ್ನೊಂದು ವರ್ಷ ಊರಿನ ಎರಡನೆಯ ಹಿರಿಯರಾಗಿ ಬಾಲ ತಿಂದವರು. ಅದಕ್ಕೆ ಕಾರಣ ಹೆಜಕಾಯಾ ಮಾವ. ಮಾವನಿಗೆ ಎಂಬತ್ತೊಂಬತ್ತಕ್ಕೆ ನ್ಯುಮೋನಿಯಾ ಬಂತು. ತೊಂಬತ್ತೊಂದಕ್ಕೆ ದಕ್ಕೆಯ ಮೆಟ್ಟಿಲಿನಿಂದ ಬಿದ್ದು ಸೊಂಟ ಮುರಿಯಿತು. ತೊಂಬತ್ತಾರಕ್ಕೆ ಹಿಮದಲ್ಲಿ ದಾರಿ ತಪ್ಪಿ ಒಂದು ಇಡೀ ಮಧ್ಯಾಹ್ನ ಕಾಣೆಯಾದರು. ಪ್ರತಿ ಸಲವೂ ಊರು ಅಳಲು ಸಿದ್ಧವಾಗುವಷ್ಟರಲ್ಲಿ ಮಾವ ಎದ್ದು ಕೂತು ಚಹಾ ಕೇಳುತ್ತಿದ್ದರು. ಮೇ ತಿಂಗಳ ಕೊನೆಗೆ ಅತ್ತೆ ಅವರ ಮನೆಗೆ ಹೋಗಿ ಬಾಗಿಲಲ್ಲೇ ನಿಂತು ವಿಚಾರಿಸುವುದು ವಾಡಿಕೆಯಾಗಿತ್ತು.

"ಇನ್ನೂ ಇದೀಯಾ?"

"ಇದೀನಿ ಕಣೇ. ಬಾಲ ಕಳಿಸ್ತೀನಿ, ಮನೆಗೆ ಹೋಗು."

ಕಳೆದ ಫೆಬ್ರುವರಿಯಲ್ಲಿ, ತೊಂಬತ್ತೊಂಬತ್ತು ತುಂಬಿ, ಮಾವ ಕುರ್ಚಿಯಲ್ಲಿ ಕೂತಲ್ಲೇ ಹೋದರು. ಚರ್ಚಿನಲ್ಲಿ ಎಲ್ಲರಿಗಿಂತ ಹೆಚ್ಚು ಅತ್ತವರು ಟ್ರೈಫೀನಾ ಅತ್ತೆಯೇ. ಹೊರಗೆ ಬರುವಾಗ ಮಾತ್ರ ನನ್ನ ತೋಳು ಹಿಡಿದು, ಜೂನ್ ಒಂದಕ್ಕೆ ಇನ್ನೆಷ್ಟು ದಿನ ಎಂದು ಮೆಲ್ಲಗೆ ಕೇಳಿದರು. ನಾನು ಎಣಿಸಿ ಹೇಳಿದೆ. ಅಷ್ಟು ದಿನ ಬದುಕಿರುತ್ತೇನೆ ಎಂದರು. ಬದುಕಿದರು ಕೂಡ.

ಆದರೆ ನದಿ ತೆರೆಯುವುದಕ್ಕೆ ಎಂಟು ದಿನ ಮೊದಲು ನಿಮ್ಮ ಪ್ರಕಟಣೆ ಬಂತು. ಈ ವರ್ಷ ಹಿಡಿದದ್ದನ್ನೆಲ್ಲ ನೀರಿಗೇ ಬಿಡಬೇಕು. ನದಿಗೆ ಅಡ್ಡ ಬೇಲಿ ಕಟ್ಟಿ ಮೀನು ಎಣಿಸುತ್ತೀರಲ್ಲ, ಕಡಲಿನಿಂದ ಬಂದು ಆ ಬೇಲಿ ದಾಟಿ ಮೇಲೆ ಹೋದ ಸಾಲ್ಮನ್ ಆರುನೂರು ಮುಟ್ಟಿದ "ಕೂಡಲೇ" ಪರವಾನಗಿಗೆ ಒಂದರಂತೆ ಬಿಲ್ಲೆ ಕೊಡಲಾಗುವುದು. ನಂಬರು ಹೊತ್ತ ಆ ಪ್ಲಾಸ್ಟಿಕ್ ಬಿಲ್ಲೆಯನ್ನು ಕಿವಿರಿನಲ್ಲಿ ತೂರಿಸಿ ಬೀಗ ಹಾಕಿದರೆ ಮಾತ್ರ ಮೀನು ಮನೆಗೆ ಬರಬಹುದು, ಇಲ್ಲದಿದ್ದರೆ ಅದು ಕಳ್ಳಮಾಲು. ಕೆಳಗೆ ನಿಮ್ಮ ಸಹಿ, ಸಹಿಯ ಮೇಲೆ ದುಂಡನೆಯ ಮೊಹರು.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳುತ್ತೇನೆ. ನಿಮ್ಮ ನಿಯಮ ತಪ್ಪಲ್ಲ. ನಾನು ಲಂಗ ಹಾಕುತ್ತಿದ್ದ ಕಾಲದಲ್ಲಿ ನಮ್ಮ ನದಿಯ ಪಾದ್ರಿ ಮಡುವಿಗೆ ಕಲ್ಲು ಹಾಕಿದರೆ ಮೀನಿಗೆ ತಗಲುತ್ತಿತ್ತು, ಈಗ ನೀರಿಗೇ ತಗಲುತ್ತದೆ. ನದಿ ಬರಿದಾದರೆ ಮೊದಲು ಅಳುವವರು ನಾವೇ ಹೊರತು ನಿಮ್ಮ ಕಚೇರಿಯ ಬೀರುಗಳಲ್ಲ. ಹಿಡಿದು ಬಿಡಿ ಎಂದರೆ ಬಿಡುತ್ತೇವೆ. ಕಾಯಿರಿ ಎಂದರೆ ಕಾಯುತ್ತೇವೆ, ಆದರೆ ಎಷ್ಟು ದಿನ ಎಂದು ಕೇಳುವ ಅಭ್ಯಾಸ ನಮಗೆ ಕಷ್ಟಪಟ್ಟು ಬಂದದ್ದು. ಈ ದ್ವೀಪದಲ್ಲಿ ಕಾಡ್ ಎಂಬ ಕಡಲ ಮೀನು ಹಿಡಿಯುವುದನ್ನು ಎರಡೇ ಎರಡು ವರ್ಷ ನಿಲ್ಲಿಸಿ ಎಂದು ಸರ್ಕಾರದವರು ಹೇಳಿದ್ದರು. ಮೂವತ್ತು ವರ್ಷ ದಾಟಿತು. ಅತ್ತೆಯ ಗಂಡ ಬಲೆಯನ್ನು ಒಣಗಿಸಿ ಮಡಚಿಟ್ಟು, ಎರಡು ವರ್ಷ ತಾನೇ ಎಂದುಕೊಂಡೇ ತೀರಿಕೊಂಡರು.

ನಿಮ್ಮ ಕಚೇರಿಗೆ ಫೋನ್ ಮಾಡಿದೆ. ಎತ್ತಿಕೊಂಡ ಹುಡುಗಿ ಬಹಳ ಒಳ್ಳೆಯವಳು. ಅತ್ತೆಯ ಕಥೆ ಪೂರ್ತಿ ಕೇಳಿ, ಪಟ್ಟಣದ ಅಂಗಡಿಯಲ್ಲಿ ಸಾಕಿದ ಸಾಲ್ಮನ್ ವರ್ಷವಿಡೀ ಸಿಗುತ್ತದಲ್ಲ ಎಂದಳು. ಅದನ್ನು ಅತ್ತೆಗೆ ಹೇಳಿದೆ. ಅತ್ತೆ ಸಿಟ್ಟಾಗಲಿಲ್ಲ. ಪಂಜರದಲ್ಲಿ ಹುಟ್ಟಿ ಪಂಜರದಲ್ಲಿ ಬೆಳೆದ ಮೀನಿಗೆ ಊರಿಗೆ ವಾಪಸು ಬರುವುದು ಎಂದರೇನು ಗೊತ್ತು ಪಾಪ, ಎಂದರು.

ಮೀನು ತನ್ನ ಹತ್ತಿರ ಬರುವ ಹಾಗಿಲ್ಲದಿದ್ದರೆ ತಾನೇ ಅದರ ಹತ್ತಿರ ಹೋಗುತ್ತೇನೆ ಎಂದು ಅತ್ತೆ ಹೊರಟದ್ದು ಜೂನ್ ಒಂದರ ಬೆಳಿಗ್ಗೆ. ಪಾದ್ರಿ ಮಡುವಿಗೆ ಜೌಗಿನ ಮೇಲೆ ಮುಕ್ಕಾಲು ಮೈಲಿ ಕಾಲುದಾರಿ. ಹಳೆಯ ಕಾಲದಲ್ಲಿ ಒಣಗಿಸಿದ ಕಾಡ್ ಮೀನು ಹೊರುತ್ತಿದ್ದ ಮರದ ಅಡ್ಡೆಯೊಂದನ್ನು ಯಾರದೋ ಕೊಟ್ಟಿಗೆಯಿಂದ ಹೊರತೆಗೆದು, ಮೇಲೆ ಕಂಬಳಿ ಹಾಕಿ, ಅತ್ತೆಯನ್ನು ಕೂರಿಸಿ, ಮುಂದಿಬ್ಬರು ಹಿಂದಿಬ್ಬರು ಹೊತ್ತರು. ಅತ್ತೆ ಚರ್ಚಿನ ಟೋಪಿ ಹಾಕಿ, ಕಪ್ಪು ನೊಣಗಳನ್ನು ಕರವಸ್ತ್ರದಿಂದ ಹೊಡೆಯುತ್ತ, ಹೊರುವವರಿಗೆ ಎಲ್ಲಿ ಕಾಲಿಡಬೇಕೆಂದು ದಾರಿಯುದ್ದಕ್ಕೂ ಹೇಳಿದರು. ಕಾಡ್ ಮೀನೇ ವಾಸಿ, ಬಾಯಿ ಮುಚ್ಚಿಕೊಂಡು ಹೊರಿಸಿಕೊಳ್ಳುತ್ತಿತ್ತು ಎಂದು ಹಿಂದಿನವನೊಬ್ಬ ಗೊಣಗಿದ.

ಮಡುವಿನ ಬಳಿ ನಿಮ್ಮ ಇಲಾಖೆಯ ನದಿ ಕಾವಲುಗಾರ ನಿಂತಿದ್ದ. ಅವನು ಗಾರ್ಲೆಂಡ್, ಅತ್ತೆಯ ಮಗಳ ಮಗ. ಅವನನ್ನು ಎತ್ತಿ ಆಡಿಸಿದವರೆಲ್ಲ ಅಂದು ಎದುರಿಗೆ ನಿಂತಿದ್ದರೂ ಹುಡುಗ ಒಂದಿಷ್ಟೂ ಸಡಿಲ ಬಿಡಲಿಲ್ಲ. ನನ್ನ ಪರವಾನಗಿ ನೋಡಿದ, ಬಿಡುವ ಮೀನಿಗೆ ಗಾಯವಾಗದಂತೆ ಕೊಕ್ಕೆಯ ಮುಳ್ಳು ಚಪ್ಪಟೆ ಮಾಡಿದ್ದೇನೋ ಇಲ್ಲವೋ ಎಂದು ಬೆರಳು ಆಡಿಸಿ ನೋಡಿದ. ಅತ್ತೆ ಅವನನ್ನು ಹತ್ತಿರ ಕರೆದು ಪ್ರಕಟಣೆ ಓದಲು ಹೇಳಿದರು. ಅಜ್ಜಿಯ ಮುಂದೆ ಮರ್ಯಾದೆಗೆಂದು ಅವನು ಇಲಾಖೆಯ ಟೋಪಿ ತೆಗೆದ.

"ಟೋಪಿ ಹಾಕ್ಕೊಂಡೇ ಓದು ಮಗಾ," ಎಂದರು ಅತ್ತೆ. "ನಿನ್ನ ಮಾತು ನಂಗೆ ಮೊದ್ಲಿಂದ್ಲೂ ಗೊತ್ತು. ನಂಗೆ ಬೇಕಾಗಿರೋದು ಸರ್ಕಾರದ್ದು."

ಅವನು ಟೋಪಿ ಹಾಕಿಕೊಂಡು, ಆರುನೂರು ಎಂಬಲ್ಲಿ ಎರಡು ಸಲ ಓದಿದ. ಅತ್ತೆ ನನ್ನ ಕಡೆ ತಿರುಗಿದರು.

"ಮೆಲ್ವೀನಾ, ನೀನು ಕಾಗ್ದದ ಜೊತೇಲೇ ಬಾಳ್ದೋಳು. ಇದನ್ನ ನಂಬಬೋದಾ?"

ನಾನು ಕಾಗದ ಇಸಿದುಕೊಂಡು ನೋಡಿದೆ. ಸಹಿ ಇತ್ತು, ತಾರೀಕು ಇತ್ತು, ಮೊಹರು ಅಂಚು ಕೆಡದೆ ಬಿದ್ದಿತ್ತು.

"ನಂಬಬೋದು ಅತ್ತೆ," ಎಂದೆ. "ಮೊಹರು ಬಿದ್ದಿದೆ."

ಮಾನ್ಯರೇ, ಈ ಪತ್ರ ಬರೆಯುತ್ತಿರುವುದು ಆ ಒಂದು ಮಾತಿಗಾಗಿ. ನಿಮ್ಮ ಪರವಾಗಿ ಜಾಮೀನು ನಿಂತವಳು ನಾನು. ಇದಕ್ಕಾಗಿ ನನಗೆ ನಿಮ್ಮ ಇಲಾಖೆ ಸಂಬಳವನ್ನೇನೂ ಕೊಡುತ್ತಿರಲಿಲ್ಲ.

ಆ ಬೆಳಿಗ್ಗೆ ಮೊದಲ ಮೀನು ನನ್ನ ಗಾಳಕ್ಕೇ ಬಿತ್ತು. ಮೂಸ್ ಕಡವೆಯ ಕೂದಲು ಕೊಕ್ಕೆಗೆ ಕಟ್ಟಿ ಮಾಡಿದ ಹಳೆಯ ಹುಸಿನೊಣ, ಒಂದು ಗಂಟೆ ಬೀಸಿದ ಮೇಲೆ ಸಿಕ್ಕಿದ ಕಡಲಿನಿಂದ ಆಗಷ್ಟೇ ನದಿಗೆ ಬಂದ ಐದು ಪೌಂಡಿನ ಸಾಲ್ಮನ್, ಮೈಮೇಲೆ ಸಮುದ್ರದ ಹೇನು ಇನ್ನೂ ಅಂಟಿಕೊಂಡಿತ್ತು. ಅದನ್ನು ಅಂಚಿನ ತೆಳು ನೀರಿಗೆ ತಂದೆ. ದಂಡೆಯಲ್ಲಿ ಮೂವತ್ತು ಜನ ಇದ್ದರು. ಆ ಮೀನು ಅಡ್ಡೆಯ ಕಂಬಳಿಯ ಅಡಿಗೆ ಹೋಗಿದ್ದರೆ ಗಾರ್ಲೆಂಡನ ಹೊರತು ಯಾರ ಬಾಯಿಂದಲೂ ಒಂದು ಮಾತು ಹೊರಬೀಳುತ್ತಿರಲಿಲ್ಲ. ನನಗೂ ಆ ಯೋಚನೆ ಬಂತು, ಮುಚ್ಚಿಡುವುದಿಲ್ಲ. ಅತ್ತೆ ಇಬ್ಬರ ಹೆಗಲು ಹಿಡಿದು ಇಳಿದು ಬಂದು, ಮಂಡಿಯೂರಿ, ತೋಳಿನವರೆಗೆ ತಣ್ಣೀರಿಗೆ ಕೈ ಹಾಕಿ ಮೀನಿನ ಬೆನ್ನ ಮೇಲೆ ಅಂಗೈ ಇಟ್ಟರು.

"ಹೆಜಕಾಯನ ಹಿಂದೆ ಹನ್ನೊಂದು ವರ್ಷ ಕಾದೋಳು ನಾನು," ಎಂದು ಅದಕ್ಕೆ ಹೇಳಿದರು. "ನಿನ್ನ ಹಿಂದೆ ಎರಡು ತಿಂಗ್ಳು ಕಾಯಲ್ವಾ? ಹೋಗು. ಬೇಲಿ ಹತ್ರ ಲೆಕ್ಕಕ್ಕೆ ಸಿಗು."

ನಾನು ಕೊಕ್ಕೆ ಬಿಡಿಸಿದೆ. ಮೀನು ಅವರ ಕೈ ಕೆಳಗಿನಿಂದ ಜಾರಿ ಚಹಾ ಬಣ್ಣದ ನೀರಿನಲ್ಲಿ ಮೇಲಕ್ಕೆ ಹೋಯಿತು.

ಅಲ್ಲಿಂದ ಮುಂದೆ ನಿಮ್ಮ ಎಣಿಕೆಯನ್ನು ನಿಮಗಿಂತ ಶ್ರದ್ಧೆಯಿಂದ ನೋಡಿದವರು ನಾವು. ಗಾರ್ಲೆಂಡ್ ಪ್ರತಿ ಸಂಜೆ ಅಂಗಡಿಯ ಕರಿಹಲಗೆಯ ಮೇಲೆ ಅಂದಿನವರೆಗಿನ ಸಂಖ್ಯೆ ಬರೆಯುತ್ತಿದ್ದ. ಹಿಂದೆ ಜನ ಅಂಗಡಿಗೆ ಬಂದು ಹವಾಮಾನದ ಮಾತಾಡುತ್ತಿದ್ದರು, ಈಗ ಇನ್ನೂರ ಹನ್ನೆರಡು, ಮುನ್ನೂರ ತೊಂಬತ್ತು ಎಂದು ಮಾತಾಡತೊಡಗಿದರು. ಜುಲೈ ಇಪ್ಪತ್ತನಾಲ್ಕಕ್ಕೆ ಆರುನೂರ ಮೂರು ಎಂದು ಬಿತ್ತು. ಅತ್ತೆ ದೊಡ್ಡ ಪಾತ್ರೆಯನ್ನು ಅಟ್ಟದಿಂದ ಇಳಿಸಿ ತಿಕ್ಕಿಸಿದರು. ಹಂದಿಕೊಬ್ಬು ತರಿಸಿದರು. "ಕೂಡಲೇ" ಎಂಬ ಪದಕ್ಕೆ ನಮ್ಮೂರಿನಲ್ಲಿ ಇರುವ ಅರ್ಥವನ್ನೇ ನಂಬಿ ನಾನು ಮಾರನೆಯ ದಿನ ಬಿಲ್ಲೆಗಾಗಿ ಕಾದೆ, ಆಮೇಲೆ ಅದರ ಮಾರನೆಯ ದಿನ ಕಾದೆ. ಇಂದು ಆಗಸ್ಟ್ ಒಂಬತ್ತು. ಹಲಗೆಯ ಮೇಲೆ ಆರುನೂರ ಎಪ್ಪತ್ತೊಂದು ಇದೆ. ಬಿಲ್ಲೆ ಇಲ್ಲ.

ಮತ್ತೆ ಫೋನ್ ಮಾಡಿದೆ. ಅದೇ ಒಳ್ಳೆಯ ಹುಡುಗಿ. ಗುರಿ ಮುಟ್ಟಿದೆ ನಿಜ, ಆದರೆ ಮುಟ್ಟಿದೆ ಎಂಬುದನ್ನು ಪರಿಶೀಲನಾ ಸಭೆ ಒಪ್ಪಬೇಕು ಎಂದಳು. ಸಭೆ ಯಾಕೆ ಸೆಪ್ಟೆಂಬರ್ ಹತ್ತಕ್ಕೆ ಎಂದು ಕೇಳಿದೆ. ಸದಸ್ಯರು ರಜೆಯಲ್ಲಿದ್ದಾರೆ ಎಂದಳು. ಎಲ್ಲಿಗೆ ಹೋಗಿದ್ದಾರೆ ಎಂದು ಸುಮ್ಮನೆ ಮಾತಿಗೆ ಕೇಳಿದೆ. ಹುಡುಗಿ ಪ್ರಾಮಾಣಿಕಳು. ಉತ್ತರದ ಲ್ಯಾಬ್ರಡಾರ್ ಸೀಮೆಗೆ, ಸಾಲ್ಮನ್ ಹಿಡಿಯಲು, ಎಂದಳು. ಅವರಿಗೆ ಒಳ್ಳೆಯ ಮೀನು ಸಿಗಲಿ. ಬಿಲ್ಲೆಗಳು ಕೂಡ ಸಮಯಕ್ಕೆ ಸರಿಯಾಗಿ ಸಿಕ್ಕಿರುತ್ತವೆ ಎಂದು ನಂಬಿದ್ದೇನೆ.

ಒಂದು ಮುದುಕಿ ನೀರಿನಲ್ಲಿ ಮಂಡಿಯೂರಿ ತನ್ನ ಪಾಲಿನ ಮಾತು ಉಳಿಸಿಕೊಂಡಳು. ಆ ಮೀನು ಬೇಲಿಯ ಹತ್ತಿರ ಲೆಕ್ಕಕ್ಕೆ ಸಿಕ್ಕು ತನ್ನ ಪಾಲಿನದನ್ನು ಉಳಿಸಿಕೊಂಡಿತು. ಬಾಕಿ ಉಳಿದವರು ಯಾರು? ಮೀನಿಗೆ ಇರುವಷ್ಟು ನೆಟ್ಟಗಿನ ಬುದ್ಧಿ ಒಂದು ಇಲಾಖೆಗೆ ಇರಬೇಕೆಂದು ಬಯಸುವುದು ದುರಾಸೆಯೇ?

ಅತ್ತೆ ನನ್ನನ್ನು ಬೈದಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕಳೆದ ವಾರ ಅವರಿಗೆ ಜ್ವರ ಬಂದು ಮೂರು ದಿನ ಹಾಸಿಗೆ ಹಿಡಿದಿದ್ದರು. ಸೂಪು ತೆಗೆದುಕೊಂಡು ಹೋದಾಗ ಕಣ್ಣು ತೆರೆದು ಒಂದೇ ಮಾತು ಕೇಳಿದರು: "ಆ ಮೊಹರು ನೀನು ಸರಿಯಾಗಿ ನೋಡಿದ್ಯಾ, ಮೆಲ್ವೀನಾ?" ನಾನು ಸೂಪಿನ ಬಟ್ಟಲು ಮೇಜಿನ ಮೇಲಿಟ್ಟು, ಉಪ್ಪು ತರುತ್ತೇನೆಂದು ಹೇಳಿ ಹೊರಗೆ ಬಂದುಬಿಟ್ಟೆ. ಉಪ್ಪು ಮೇಜಿನ ಮೇಲೇ ಇತ್ತು.

ಈಗ ವಯಸ್ಸಿನಲ್ಲಿ ಎರಡನೆಯವರು ಎಲ್ಡ್ರೆಡ್ ಮಾವ, ತೊಂಬತ್ತೊಂದು ವರ್ಷ. ಬಾಲದ ಹಕ್ಕುದಾರರು. ಪ್ರತಿ ದಿನ ಬೆಳಿಗ್ಗೆ ಕೋಲೂರಿಕೊಂಡು ಅತ್ತೆಯ ಬಾಗಿಲಿಗೆ ಬಂದು, ಹೆಜಕಾಯಾ ಮಾವನ ಮನೆಯ ಮುಂದೆ ಅತ್ತೆ ಕೇಳುತ್ತಿದ್ದ ಅದೇ ಪ್ರಶ್ನೆ ಕೇಳಿ ಹೋಗುವುದು ಅವರ ಕೆಲಸ. ಜ್ವರದ ಮೂರು ದಿನವೂ ಬಂದರು, ಆದರೆ ಪ್ರಶ್ನೆ ಕೇಳಲಿಲ್ಲ, ಮೆಟ್ಟಿಲ ಮೇಲೆ ಸುಮ್ಮನೆ ಕೂತಿದ್ದರು. ಅಂಗಡಿಯಲ್ಲಿ ಯಾರೋ ತಮಾಷೆಗೆ, ಬಾಲದ ಬದಲು ನಿಮಗೇ ಇಡೀ ಮೀನು ಬರುವ ಹಾಗಿದೆಯಲ್ಲ ಮಾವ, ಎಂದರು. ಆ ಮನುಷ್ಯ ದನಿ ಎತ್ತಿದ್ದನ್ನು ನಾನು ಯಾವತ್ತೂ ಕೇಳಿಲ್ಲ, ಅಂದೂ ಎತ್ತಲಿಲ್ಲ.

"ಅವಳ ಕೈಯಿಂದ ಬಾಲ ಬಂದ್ರೆ ತಿಂತೀನಿ," ಎಂದರು. "ಅವಳಿಲ್ದೆ ತಲೆ ಬಂದ್ರೆ ಹೊಳೆಗೆ ಹಾಕ್ತೀನಿ."

ಅತ್ತೆಯ ಜ್ವರ ಇಳಿದಿದೆ, ಎದ್ದು ಓಡಾಡುತ್ತಿದ್ದಾರೆ. ಹಂದಿಕೊಬ್ಬು ಇನ್ನೂ ಇದೆ. ಆದರೆ ಹೆಜಕಾಯಾ ಮಾವನ ಆಯುಸ್ಸು ಎಲ್ಲರಿಗೂ ಬರೆದಿರುವುದಿಲ್ಲ ಎಂಬುದು ನನ್ನಷ್ಟೇ ನಿಮಗೂ ಗೊತ್ತು.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಹೊಸ ನಿಯಮ ಬೇಡ, ರಿಯಾಯಿತಿ ಬೇಡ, ಕನಿಕರವಂತೂ ಬೇಡವೇ ಬೇಡ. ನೀವೇ ಬರೆದದ್ದನ್ನು ನೀವೇ ಓದಿ, ಸಭೆಗೆ ಕಾಯದೆ ಈ ವಾರವೇ ಬಿಲ್ಲೆಗಳನ್ನು ಬಿಡುಗಡೆ ಮಾಡಿ. ಒಂದು ಸಹಿಯ ಕೆಲಸ. ಎಲ್ಲರಿಗೂ ಕೊಡಲು ಕೈ ನಡುಗಿದರೆ ಒಂದೇ ಒಂದು ಕೊಡಿ, ಅದು ಯಾವ ಮೇಜಿಗೆ ಹೋಗಬೇಕೆಂದು ನಮಗೆ ಗೊತ್ತು.

ಅದೂ ಆಗದಿದ್ದರೆ ಸೆಪ್ಟೆಂಬರ್ ಏಳರೊಳಗೆ ನೀವೇ ಇಲ್ಲಿಗೆ ಬನ್ನಿ. ಅತ್ತೆಯ ಅಡುಗೆಮನೆಯಲ್ಲಿ ಕೂತು, ಕೊಟ್ಟ ಚಹಾ ಕುಡಿದು, "ಮುಂದಿನ ವರ್ಷ" ಎಂದು ನೀವೇ ಅವರಿಗೆ ಹೇಳಿ. ಟೋಪಿ ಇದ್ದರೆ ಹಾಕಿಕೊಂಡೇ ಹೇಳಿ. ಆ ಕೆಲಸ ನನ್ನಿಂದ ಆಗದು. ನನ್ನ ಮಾತು ಆ ಮನೆಯಲ್ಲಿ ಈಗ ಸಲ್ಲುವುದಿಲ್ಲ.

ಇಂತಿ,
ನಿಮ್ಮ ಮೊಹರಿಗೆ ಜಾಮೀನು ನಿಂತು ಸಿಕ್ಕಿಬಿದ್ದ
ಮೆಲ್ವೀನಾ ಕೀಪಿಂಗ್
ನಿವೃತ್ತ ಅಂಚೆಯವಳು, ಸ್ಯಾಡಲ್ ಆರ್ಮ್
ಮೊದಲ ಮೀನಿಗೆ ವಯಸ್ಸಿನ ಸರದಿಯಲ್ಲಿ ಹದಿನಾಲ್ಕನೆಯವಳು, ನನಗೇನೂ ಅವಸರವಿಲ್ಲ