ಹಿಂದಿನ ಸೀಟಿನವಳ ದೋಣಿ

ಲುರ್ದಿಶ್,

ಇವತ್ತು ಅದೆಲಿನು ಮಾಮನ ಕಾರ್ಖಾನೆಗೆ ಹೋಗಿ, ಒಬ್ಬರೇ ಕೂರುವ ರೇಸಿನ ಕಯಾಕ್ ಮಾಡಿಕೊಡಿ ಎಂದೆ. ಪೂರ್ತಿ ಕಾರ್ಬನ್ ಫೈಬರಿನದು.

"ಹಗುರ ಏನೋ ಇರತ್ತೆ. ಆದ್ರೆ ಕಲ್ಲಿಗೆ ತಾಗಿಸಿ ಒಡ್ಕೊಂಡು, ನನ್ನ ಹತ್ರ ಅಳ್ತಾ ಬರಬೇಡ," ಎಂದರು.

ಬರುವುದಿಲ್ಲ ಎಂದೆ. ಬಣ್ಣ ಬಿಳಿ ಎಂದೆ. ಸೀಟು ಎರಡು ಸೆಂಟಿಮೀಟರ್ ಎತ್ತರವಿರಲಿ ಎಂದೆ.

"ಕಾಲಲ್ಲಿ ಚುಕ್ಕಾಣಿ ತಿರುಗಿಸೋ ಕಡ್ಡಿ? ಕಾಲಿಗೆ ಎಷ್ಟು ದೂರ ಇಡ್ಲಿ?"

"ಅದು ನಂಗೆ ಬೇಡ ಮಾಮ."

ಅವರು ನಕ್ಕುಬಿಟ್ಟರು. "ಅಲ್ಲಮ್ಮ, ಒಬ್ಬಳೇ ಕೂರೋ ದೋಣಿ. ಮತ್ಯಾರು ತಿರುಗಿಸ್ತಾರೆ?" ಆಮೇಲೆ ನಿನ್ನ ನೆನಪಾಗಿರಬೇಕು, ಪೆನ್ಸಿಲ್ ಕೆಳಗಿಟ್ಟರು. ಬಗ್ಗಿ ನನ್ನ ಕಾಲನ್ನು ತಾವೇ ಅಳೆದುಕೊಂಡರು.

ಹನ್ನೊಂದು ವರ್ಷ ನಿನ್ನ ಹಿಂದೆ ಕೂತು ಹುಟ್ಟು ಹಾಕಿದವಳು ನಾನು. ಹಿಂದಿನ ಸೀಟಿನಲ್ಲಿ ಆ ಕಡ್ಡಿ ಇರುವುದಿಲ್ಲ; ದೋಣಿ ತಿರುಗಿಸುವವರು ಮುಂದೆ ಕೂತವರು. ಅಲ್ಲಿಂದ ನನಗೆ ಕಾಣುತ್ತಿದ್ದುದು ನಿನ್ನ ಬೆನ್ನು ಮಾತ್ರ.

ನೀನು ಆಸ್ಪತ್ರೆಯಲ್ಲಿದ್ದ ಆ ಕೊನೆಯ ಆರು ವಾರವೂ ನಾನು ಅಭ್ಯಾಸ ತಪ್ಪಿಸಲಿಲ್ಲ. ಮುಂದಿನ ಸೀಟಿಗೆ ಕ್ಲಬ್ಬಿನವರು ಬೇರೊಬ್ಬಳನ್ನು ಕೊಟ್ಟಿದ್ದರು. ದಿನವೂ ಬೆಳಿಗ್ಗೆ ನದಿಯಲ್ಲಿ ಆಸ್ಪತ್ರೆಯ ನಿನ್ನ ಕಿಟಕಿಯ ಕೆಳಗೇ ಹಾದುಹೋಗುತ್ತಿದ್ದೆವು.

ದಡಕ್ಕೆ ತಿರುಗಿಸು ಎಂದು ನಾನು ಅವಳಿಗೆ ಒಮ್ಮೆಯೂ ಹೇಳಲಿಲ್ಲ.

ಬೆನೆದಿತಾ