ಮುಡುಪಿನ ರೂಪಾಯಿ

ಜೂನ್ 9, ಭಾನುವಾರ. ಬೆಳಗ್ಗೆ 8

ಕಿಟಕಿಗೆ ಬಿಸಿಲು ಬಂತು. ಇನ್ನೊಂದು ಗಂಟೆ ಒಳ್ಳೆಯ ಬೆಳಕು. ಅಷ್ಟರಲ್ಲಿ ಆರು ನಾಣ್ಯಗಳ ಫೋಟೋ ಮುಗಿಯಬೇಕು. ಮುಂದೆ, ಹಿಂದೆ, ಅಂಚು. ಹಿನ್ನೆಲೆಗೆ ಶ್ರೀಪ್ರಿಯಾಳ ಬಿಳಿ ದಿಂಬಿನ ಕವರು.

"ರೀ, ಭಾನುವಾರ ಗಂಡಸರು ಪೇಪರ್ ಓದ್ತಾರೆ. ನೀವು ಹೆಂಡ್ತಿ ದಿಂಬು ಬಿಚ್ತೀರಿ" ಎಂದಳು. ಉತ್ತರ ಕೊಡುತ್ತಾ ಕೂತರೆ ಬಿಸಿಲು ಹೋಗುತ್ತದೆ.

ಒಂದು ಕಾಲಾಣೆಗೆ ಅಂಚಿನಲ್ಲಿ ಸಣ್ಣ ಏಟು. ಬರೆದೆ. ಇನ್ನೊಂದನ್ನು ಯಾರೋ ಪುಣ್ಯಾತ್ಮರು ಹುಣಸೆಹಣ್ಣು ಹಾಕಿ ತಿಕ್ಕಿ ಹಾಳು ಮಾಡಿದ್ದಾರೆ. ಅದನ್ನೂ ಬರೆದೆ. ಆನ್‌ಲೈನ್ ಹರಾಜಿನಲ್ಲಿ ಕೊಳ್ಳುವವನಿಗೆ ನಾಣ್ಯ ಮುಟ್ಟಿ ನೋಡುವ ಭಾಗ್ಯವಿಲ್ಲ. ನನ್ನ ಮಾತೇ ಗತಿ. ಮುಳಬಾಗಿಲಿನ ಆಡಿಟರ್ ಆಫೀಸಿನ ಗುಮಾಸ್ತನಿಗೆ ರಾಜಕೋಟ್‌ನವನೊಬ್ಬ ಮುಖವೂ ನೋಡದೆ ದುಡ್ಡು ಕಳಿಸುತ್ತಾನೆ ಎಂದರೆ ಸುಮ್ಮನೆ ಅಲ್ಲ. ಒಂಬತ್ತು ವರ್ಷ. ಒಂದೇ ಒಂದು ನಾಣ್ಯ ವಾಪಸ್ ಬಂದಿಲ್ಲ. ಜಂಬ ಅಂದರೆ ಜಂಬ.

ಜೂನ್ 16, ಭಾನುವಾರ

ಶ್ರೀನಿವಾಸಪುರದಿಂದ ಅಕ್ಕ ಬಂದಿದ್ದಳು. ಒಂದು ಚೀಲ ಮಾವಿನಹಣ್ಣು, ಜೊತೆಗೆ ಒಂದು ಚೀಲ ಬೈಗುಳ. ನಾನು ದಪ್ಪಗಾಗಿದ್ದೇನಂತೆ, ಶ್ರೀಪ್ರಿಯಾ ಸಣ್ಣಗಾಗಿದ್ದಾಳಂತೆ. ಅಂಗನವಾಡಿಯಲ್ಲಿ ಮೂವತ್ತು ವರ್ಷ ಮಕ್ಕಳನ್ನು ಮೇಯಿಸಿದ ತಿರುಮಲಮ್ಮನಿಗೆ ಎಲ್ಲರೂ ಮಕ್ಕಳೇ.

ಹೋಗುವ ಹೊತ್ತಿಗೆ ಬ್ಯಾಗಿನಿಂದ ಒಂದು ಗಂಟು ತೆಗೆದಳು. ಅವಳ ಮುಡುಪು. ಮದುವೆಗೆ ಮುಂಚೆ ತಿರುಪತಿಗೆ ಹರಕೆ ಹೊತ್ತು ಅರಿಶಿನದ ಬಟ್ಟೆಯಲ್ಲಿ ಕಾಸು ಕಟ್ಟಿದ್ದು. ಕೋರಿಕೆ ಈಡೇರಿದ ಮೇಲೆ ಅದೇ ಕಾಸು ಹುಂಡಿಗೆ ಬೀಳಬೇಕು. ಏನು ಕೋರಿಕೊಂಡಳೋ ಯಾರಿಗೂ ಹೇಳಿಲ್ಲ. ಅಂದಿನಿಂದ ದೇವರ ಗೂಡಿನಲ್ಲೇ ಇದೆ.

"ಜಿರಲೆ ತಿಂದು ಬಟ್ಟೆ ಜಾಲರಿ ಆಗ್ಬಿಟ್ಟಿದೆ ನೋಡೋ. ಹೊಸ ಬಟ್ಟೇಲಿ ಕಟ್ಟಿಕೊಡು."

"ನೀನೇ ಕಟ್ಕೊಳ್ಳಕ್ಕೆ ಏನಕ್ಕ?"

"ಹೊತ್ತವಳು ಮಧ್ಯದಲ್ಲಿ ಬಿಚ್ಚಿ ನೋಡಬಾರದು ಕಣೋ. ತವರು ಮನೆ ಗಂಡಸೇ ಬಿಚ್ಚಿ ಕಟ್ಟಬೇಕು. ಅಪ್ಪ ಇದ್ದಿದ್ರೆ ನಿನ್ನ ಯಾಕೆ ಕೇಳ್ತಿದ್ದೆ?"

ಅಪ್ಪ ಅರ್ಚಕರು, ಇಂಥದ್ದರಲ್ಲಿ ಗಟ್ಟಿ. ಈಗ ತವರಿನ ಗಂಡಸು ಎಂದರೆ ನಾನೊಬ್ಬನೇ. ಮುಂದಿನ ವಾರ ತಂದುಕೊಡುತ್ತೇನೆ ಎಂದೆ.

ಜೂನ್ 17, ಸೋಮವಾರ. ಬೆಳಗ್ಗೆ 7

ಬಿಚ್ಚಿದೆ.

ಬೆಳ್ಳಿ ರೂಪಾಯಿ. ಆರನೇ ಜಾರ್ಜ್. ಅಮ್ಮನ ಲಕ್ಷ್ಮೀಪೂಜೆಯ ಡಬ್ಬಿಯದ್ದಿರಬೇಕು. ಅರಿಶಿನ ಮೆತ್ತಿಕೊಂಡು ಇಸವಿ ಕಾಣಲಿಲ್ಲ. ಒದ್ದೆ ಹತ್ತಿಯಿಂದ ಮೆಲ್ಲಗೆ ಒತ್ತಿದೆ. ಒಂದು... ಒಂಬತ್ತು... ಮೂರು... ಒಂಬತ್ತು.

1939.

ತಕ್ಕಡಿಗೆ ಹಾಕಿದೆ. ಹನ್ನೊಂದು ಗ್ರಾಂ ಅರವತ್ತೆರಡು. ಸರಿ. ಭೂತಗನ್ನಡಿಯಲ್ಲಿ ಅಂಕಿ ನೋಡಿದೆ. ತಿದ್ದಿದ್ದಲ್ಲ. ಅಸಲಿ. ಆ ವರ್ಷದ ರೂಪಾಯಿ ಸಿಗುವುದೇ ಅಪರೂಪ. ಒಂಬತ್ತು ವರ್ಷದಲ್ಲಿ ನನ್ನ ಕೈಗೆ ಬಂದವು ಮೂರು, ಮೂರೂ ನಕಲಿ. ಅಸಲಿ ನಮ್ಮಕ್ಕನ ಸಾಸಿವೆ ಡಬ್ಬಿಯ ಪಕ್ಕದ ಗೂಡಿನಲ್ಲಿ ಕೂತಿತ್ತು.

ಇನ್ನೊಂದು ಸಲ ತೂಗಿದೆ. ಆಫೀಸಿಗೆ ಇವತ್ತು ತಡವೇ.

ಜೂನ್ 18

ಕಟ್ಟಿದೆ. ಹೊಸ ಬಟ್ಟೆ, ಹೊಸ ಅರಿಶಿನ, ಮೂರು ಗಂಟು. ಒಳಗೆ 1940ರ ರೂಪಾಯಿ. ನನ್ನದೇ ಡಬ್ಬಿಯದ್ದು.

ಅದೂ ಬೆಳ್ಳಿಯೇ. ಅದೇ ರಾಜ, ಅದೇ ತೂಕ. ಬೆಳ್ಳಿ ಅರ್ಧಕ್ಕರ್ಧ ಇರಬಹುದು, ಅದನ್ನು ಯಾರು ನೋಡುತ್ತಾರೆ. ಹುಂಡಿಗೆ ಬಿದ್ದ ಮೇಲೆ ಯಾವ ಇಸವಿಯಾದರೇನು? ಅಕ್ಕ ಬಿಚ್ಚಿ ನೋಡುವ ಹಾಗೂ ಇಲ್ಲ. ಯಾರಿಗೂ ನಷ್ಟವಿಲ್ಲ.

ಯಾರಿಗೂ ನಷ್ಟವಿಲ್ಲ ಎಂದು ಇವತ್ತು ಎಷ್ಟನೇ ಸಲ ಹೇಳಿಕೊಂಡೆನೋ.

ಜೂನ್ 30, ಭಾನುವಾರ. ಸಂಜೆ 5.40

ಹರಾಜು ಮುಗಿಯಿತು. ಕೊನೆಯ ಹತ್ತು ನಿಮಿಷ ಇಬ್ಬರೇ ಉಳಿದಿದ್ದರು, ಚೆನ್ನೈನವನೊಬ್ಬ, ಕೋಲಾರದವನೊಬ್ಬ. ಒಬ್ಬ ಐನೂರು ಏರಿಸಿದರೆ ಇನ್ನೊಬ್ಬ ಸಾವಿರ. ಮೊಬೈಲ್ ಹಿಡಿದು ಅಡುಗೆಮನೆಗೂ ಹಜಾರಕ್ಕೂ ತಿರುಗಿದೆ. ತೊಂಬತ್ತೆರಡು ಸಾವಿರಕ್ಕೆ ಕೋಲಾರದವನಿಗೆ ಹೋಯಿತು. ಆ ಹತ್ತು ನಿಮಿಷ ನಿಜವಾಗಿ ಸಂತೋಷವಾಗಿತ್ತು, ಸುಳ್ಳು ಬರೆಯುವುದಿಲ್ಲ.

ಲಿಸ್ಟಿಂಗ್‌ನಲ್ಲಿ ಮಾತ್ರ ಬರೆದೆ. ಅರಿಶಿನದ ಕಲೆಗೆ 'ಸಹಜ ಟೋನಿಂಗ್' ಎಂದು, ಅಂದರೆ ಕಾಲಕ್ಕೆ ತಾನಾಗಿ ಏರಿದ ಬಣ್ಣ. ಎಲ್ಲಿಂದ ಬಂತು ಎಂಬಲ್ಲಿ 'ಕುಟುಂಬದ ಸಂಗ್ರಹ'.

ಜುಲೈ 6, ಶನಿವಾರ

ಇಷ್ಟು ಬೆಲೆಯದ್ದನ್ನು ಪೋಸ್ಟಿನಲ್ಲಿ ಕಳಿಸಲು ಧೈರ್ಯವಾಗದೆ ಬಸ್ಸು ಹತ್ತಿ ಕೋಲಾರಕ್ಕೆ ಹೋದೆ. ಕೊಂಡವರು ಮುರಳಿಮೋಹನ್, ರಿಟೈರ್ಡ್ ಗಣಿತದ ಮೇಷ್ಟ್ರು. ಟೊಮೆಟೊ ಮಾರ್ಕೆಟ್ಟಿನ ಲಾರಿಗಳ ಗಲಾಟೆ ದಾಟಿ ಒಂದು ಸಣ್ಣ ಮನೆ. ಆಲ್ಬಂ ತೆಗೆದರು. ಆರನೇ ಜಾರ್ಜ್ ರೂಪಾಯಿಗಳ ಸಾಲು, ಒಂದೇ ಒಂದು ಕಿಂಡಿ ಖಾಲಿ.

"ಇಪ್ಪತ್ತೆರಡು ವರ್ಷದಿಂದ ಖಾಲಿ ಸ್ವಾಮಿ ಇದು. ನೋಡಿದಾಗೆಲ್ಲ ಹೊಟ್ಟೆ ಉರೀತಿತ್ತು."

ನಾಣ್ಯವನ್ನು ಕಿಟಕಿಯ ಬಳಿ ಹಿಡಿದು ನೋಡಿದರು. ಮೂಗಿಗೂ ಹಿಡಿದರು. "ಇದು ಟೋನಿಂಗ್ ಅಲ್ಲ, ಅರಿಶಿನ. ಪೂಜೆದಾ?"

"ಹೌದು ಸಾರ್. ಮನೇದು."

"ಮನೇಲಿ ಎಲ್ರೂ ಒಪ್ಪಿದಾರೆ ತಾನೆ? ದೇವರ ಕಾಸು, ಅದಕ್ಕೆ ಕೇಳ್ದೆ."

"ಒಪ್ಪಿದಾರೆ" ಎಂದೆ. ಥಟ್ಟನೆ ಬಂತು ಬಾಯಿಗೆ. ಅವರ ಹೆಂಡತಿ ಕಾಫಿ ಕೊಟ್ಟರು, ಕುಡಿದೆ.

ಆಗಸ್ಟ್ 16, ಶುಕ್ರವಾರ

ವರಮಹಾಲಕ್ಷ್ಮಿ ಹಬ್ಬ. ಅಕ್ಕನಿಗೆ ಒಂದು ರೇಷ್ಮೆ ಸೀರೆ ಕೊಟ್ಟು ಬಂದೆ, ನೇರಳೆ ಬಣ್ಣ. ಹುಟ್ಟಿದಾಗಿನಿಂದ ಇಷ್ಟು ಬೆಲೆಯದ್ದು ಅವಳಿಗೆ ಕೊಟ್ಟಿಲ್ಲ. "ಇದೇನೋ ಇದ್ದಕ್ಕಿದ್ದ ಹಾಗೆ! ಸಾಲ ಗೀಲ ಮಾಡಿದೀಯಾ?" ಎಂದಳು. ಬೀದಿಯ ನಾಲ್ಕು ಮನೆಗೆ ತೋರಿಸಿ ಬಂದಳು. ತಮ್ಮ ಕೊಟ್ಟದ್ದು, ತಮ್ಮ ಕೊಟ್ಟದ್ದು.

ಅವಳ ಕಾಸಿನಲ್ಲಿ ಅವಳಿಗೇ ಸೀರೆ.

ಅಕ್ಟೋಬರ್ 20, ಭಾನುವಾರ

ಎರಡು ತಿಂಗಳಾಯಿತು ಇದರಲ್ಲಿ ಬರೆದು. ಬರೆಯಲು ಕೂತರೆ ಆ ಪುಟಗಳು ಕಾಣುತ್ತವೆ ಎಂದೇ ಮುಟ್ಟಿರಲಿಲ್ಲ. ಹರಾಜಿಗೂ ಏನೂ ಹಾಕಿಲ್ಲ. ಶ್ರೀಪ್ರಿಯಾಳ ದಿಂಬಿಗೆ ನೆಮ್ಮದಿ.

ಇವತ್ತು ಅಕ್ಕನ ಫೋನು. ನವೆಂಬರ್ 23ಕ್ಕೆ ದರ್ಶನದ ಟಿಕೆಟ್ ಸಿಕ್ಕಿದೆಯಂತೆ, ನನಗೂ ಸೇರಿಸಿ. ಮುಡುಪು ಒಪ್ಪಿಸುತ್ತಾಳಂತೆ.

"ಕೋರಿಕೆ ಈಡೇರಿತಾ ಅಕ್ಕ?"

"ಈಡೇರಿದ್ದಕ್ಕೇ ಅಲ್ವೇನೋ ಹೊರಟಿರೋದು. ಸುಮ್ನೆ ಬಾ ಜೊತೇಲಿ."

ಧ್ವನಿ ಮದುವೆ ಮನೆಯವರ ಹಾಗಿತ್ತು. ಮೂವತ್ತಾರು ವರ್ಷ ಕಾಯ್ದವಳು. ಅವಳು ಕಾಯ್ದದ್ದು ಆ ಒಂದು ಕಾಸಿನ ಮೇಲೆ ಕೈ ಇಟ್ಟು ಹೇಳಿದ ಮಾತಿಗೆ. ತೂಕ ಒಂದೇ ಎಂದು ಜೂನ್‌ನಲ್ಲಿ ಬರೆದೆನಲ್ಲ, ಎಂಥ ಮನುಷ್ಯ ನಾನು.

ವಾಪಸ್ ತರಬೇಕು. ಹೇಗಾದರೂ.

ಅಕ್ಟೋಬರ್ 26, ಶನಿವಾರ

ಕೋಲಾರ. ಮೇಷ್ಟ್ರ ಮುಂದೆ ಪೂರ್ತಿ ಹಣ ಇಟ್ಟೆ, ಮೇಲೆ ಹತ್ತು ಸಾವಿರ. ಅವರು ಕವರನ್ನು ನನ್ನ ಕಡೆಗೇ ತಳ್ಳಿದರು.

"ಮನೇಲಿ ಒಪ್ಪಿದಾರೆ ಅಂದಿದ್ರಿ ನೀವು."

ಆಗ ಹೇಳಿದೆ. ಮುಡುಪು, ಅಕ್ಕ, 1940ರ ರೂಪಾಯಿ, ಎಲ್ಲ. ಮೊದಲ ಸಲ ಬಾಯಿಬಿಟ್ಟು ಹೇಳಿದ್ದು, ಅದೂ ಹೊರಗಿನವರಿಗೆ. ಮೇಷ್ಟ್ರು ಆಲ್ಬಂ ಮೇಲೆ ಕೈಯಿಟ್ಟರು.

"ನಿಮ್ಮ ಕೈಗೆ ಕೊಡಲ್ಲ. ನಾಳೆ ಇನ್ನೊಬ್ಬರಿಗೆ ಮಾರಲ್ಲ ಅಂತ ನಾನು ಹೆಂಗೆ ನಂಬೋದು? ನಿಮ್ಮಕ್ಕನ್ನ ಕರ್ಕೊಂಡ್ ಬನ್ನಿ. ಆಯಮ್ಮ ಬಂದು ನನ್ನ ಕಾಸು ಅಂದ್ರೆ ಆ ಕ್ಷಣ ಕೊಡ್ತೀನಿ. ನೀವು ನನಗೆ ಒಂದು ರೂಪಾಯೀನೂ ಜಾಸ್ತಿ ಕೊಡೋದು ಬೇಡ."

ಹೆಂಗೆ ನಂಬೋದು. ನನಗೆ. ಒಂಬತ್ತು ವರ್ಷದಲ್ಲಿ ಯಾರೂ ಕೇಳದ ಮಾತು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಇಷ್ಟೇ ಮಾಡಬೇಕು ಈಗ. ಅಕ್ಕನಿಗೆ ಹೇಳಬೇಕು, ಕೋಲಾರಕ್ಕೆ ಕರೆತರಬೇಕು. ಇನ್ನೂ ನಾಲ್ಕು ವಾರ ಇದೆ.

ನವೆಂಬರ್ 10, ಭಾನುವಾರ

ಶ್ರೀನಿವಾಸಪುರಕ್ಕೆ ಹೇಳಲೆಂದೇ ಹೋದೆ. ಅಕ್ಕ ಪುಳಿಯೋಗರೆ ಗೊಜ್ಜು ಕುದಿಸುತ್ತಿದ್ದಳು, ದಾರಿಗೆ. ಒಗ್ಗರಣೆಯ ಘಾಟಿಗೆ ಇಬ್ಬರ ಕಣ್ಣಲ್ಲೂ ನೀರು. ನನ್ನ ಕಣ್ಣಿಗೆ ಅದು ಅನುಕೂಲವೇ ಆಯಿತು.

"ಅಕ್ಕ, ಆ ಮುಡುಪು ಇದೆಯಲ್ಲ..."

"ಶ್!" ಸೌಟು ಎತ್ತಿದಳು. "ತೀರೋವರ್ಗೂ ಅದರ ಮಾತು ಎತ್ತಬಾರದು ಕಣೋ. ಅರ್ಚಕರ ಮಗನಾಗಿ ಅಷ್ಟೂ ಗೊತ್ತಿಲ್ವಾ? ಏನಿದ್ರೂ ಆಮೇಲೆ."

ಅಷ್ಟೇ ಸಾಕಾಯಿತು ನನಗೆ. ಬಾಯಿ ಮುಚ್ಚಿದೆ. ಅವಳೇ ಬೇಡ ಎಂದಳು, ನಾನೇನು ಮಾಡಲಿ ಎಂದುಕೊಂಡೆ. ಬಸ್‌ಸ್ಟ್ಯಾಂಡಿಗೆ ನಡೆಯುವಾಗ ಹಗುರ ಅನಿಸಿತು, ಆ ಹಗುರಕ್ಕೇ ನಾಚಿಕೆಯಾಯಿತು. ಹೇಳಬೇಕಾದವನು ಸೌಟಿಗೆ ಹೆದರುತ್ತಾನೆಯೇ?

ನವೆಂಬರ್ 21

ಫೋನ್ ಮಾಡಿದೆ. ರಿಂಗ್ ಆಯಿತು. ಅವಳು ಎತ್ತುವ ಮೊದಲೇ ಕಟ್ ಮಾಡಿದೆ.

ನವೆಂಬರ್ 23, ಶನಿವಾರ. ತಿರುಮಲ

ಆಯಿತು.

ಅಕ್ಕ ನೇರಳೆ ಸೀರೆ ಉಟ್ಟಿದ್ದಳು. ಮಂಡಿ ನೋವು, ನನ್ನ ತೋಳು ಹಿಡಿದೇ ಕ್ಯೂ ಪೂರ್ತಿ ನಡೆದಳು. ಒಳಗೆ "ಜರಗಂಡಿ, ಜರಗಂಡಿ" ಎಂದು ಅರ್ಧ ನಿಮಿಷದಲ್ಲಿ ತಳ್ಳಿಬಿಟ್ಟರು. ಅವಳಿಗೆ ಅಷ್ಟೇ ಸಾಕಾಗಿತ್ತು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

ಹುಂಡಿಯ ಹತ್ತಿರ ನಾನು ಹಿಂದೆ ಉಳಿದೆ. ತಿರುಗಿ ನೋಡಿದಳು. "ಏಮಿ ರಾ, ಅಲ್ಲೇ ನಿಂತ್ಬಿಟ್ಟೆ? ಬಾ, ನಿನ್ನ ಕೈನೂ ಸೇರಿಸು."

ನನ್ನ ಅಂಗೈಯಲ್ಲಿ ಗಂಟು ಇಟ್ಟು, ಅದರ ಮೇಲೆ ತನ್ನ ಕೈ ಮುಚ್ಚಿದಳು. ಆಗಲೂ ಹೇಳಬಹುದಿತ್ತು. ಅಕ್ಕ, ಇದು ನಿನ್ನದಲ್ಲ, ನಿನ್ನದು ಕೋಲಾರದಲ್ಲಿ ಭದ್ರವಾಗಿದೆ, ನಡಿ ಹೋಗಿ ತರೋಣ. ಮೂರು ಮಾತು. ಹಿಂದಿನವರು ನೂಕಿದರು. ಗಂಟು ಬಿತ್ತು. ಸದ್ದೂ ಕೇಳಲಿಲ್ಲ.

ನವೆಂಬರ್ 24, ಭಾನುವಾರ. ಮಧ್ಯಾಹ್ನ 2.15, ಪಲಮನೇರು

ಬಸ್ಸಿನ ಟೈರು ಬದಲಿಸುತ್ತಿದ್ದಾರೆ. ಎಲ್ಲರೂ ಇಳಿದು ಮರದ ಕೆಳಗೆ. ಅಕ್ಕ ಟೀ ಅಂಗಡಿಯ ಬೆಂಚಿನಲ್ಲಿ ನನ್ನ ಎದುರಿಗೆ ಕೂತಿದ್ದಾಳೆ. ಈಗ ತಾನೇ ಹೇಳಿದಳು. ಹೇಳಿದ ಹಾಗೇ ಬರೆಯುತ್ತೇನೆ.

"ಇನ್ನು ಹೇಳಬಹುದು, ತೀರಿತಲ್ಲ. ನಿನಗೆ ಆಗ ಎಂಟು ವರ್ಷ. ಅಪ್ಪನ ಮಂಗಳಾರತಿ ತಟ್ಟೆಯಿಂದ ನಾಲ್ಕಾಣೆ ಎಂಟಾಣೆ ಎತ್ಕೋತಿದ್ದೆ ನೀನು. ಯಾರಿಗೂ ಗೊತ್ತಿಲ್ಲ ಅಂದ್ಕೊಂಡಿದ್ದೆ ಅಲ್ವಾ? ನಾನು ಕಂಬದ ಹಿಂದೆ ನಿಂತು ನೋಡಿದ್ದೆ ಕಣೋ, ಮೂರು ಸಲ."

ಒಂದು ಗುಟುಕು ಟೀ ಕುಡಿದು ಮುಂದುವರಿಸಿದಳು.

"ಅಪ್ಪನಿಗೆ ಹೇಳಿದ್ರೆ ನಿನ್ನ ಚರ್ಮ ಸುಲೀತಿದ್ರು. ಅಮ್ಮನಿಗೆ ಹೇಳಿದ್ರೆ ಅಮ್ಮ ಅನ್ನ ಬಿಡ್ತಿದ್ಲು. ಇನ್ಯಾರಿಗೆ ಹೇಳ್ಲಿ? ಅಮ್ಮನ ಡಬ್ಬಿಯಿಂದ ಒಂದು ರೂಪಾಯಿ ಕೇಳಿ ಇಸ್ಕೊಂಡು ಕಟ್ಟಿದೆ. ಸ್ವಾಮೀ, ಈ ಹುಡುಗನ ಕೈ ಬುದ್ಧಿ ಬಿಡಿಸು, ಇವನು ನಂಬಿಕಸ್ತ ಆದ ದಿನ ತಂದು ಹಾಕ್ತೀನಿ ಅಂತ."

"ಇಷ್ಟು ವರ್ಷ ಯಾಕಕ್ಕ ಕಾದೆ?"

ನಕ್ಕಳು. "ನಂಬಿಕಸ್ತ ಆದ್ನಾ ಇಲ್ವಾ ಅಂತ ಹೆಂಗೋ ಗೊತ್ತಾಗೋದು? ಅವಸರ ಪಟ್ಟು ಹಾಕ್ಬಿಟ್ಟು ಆಮೇಲೆ ನೀನು ಕೆಟ್ರೆ? ಈಗ ಊರು ಪರ ಊರಿನೋರು ನಿನ್ನ ಮುಖ ನೋಡದೆ ದುಡ್ಡು ಕಳಿಸ್ತಾರಂತೆ, ಶ್ರೀಪ್ರಿಯಾ ಹೇಳಿದ್ಲು. ಇನ್ನೇನು ಬೇಕು ಅಂದ್ಕೊಂಡೆ. ಸಾಕು, ನನ್ನ ಕೆಲಸ ಮುಗೀತು."

ಕೆಲಸ ಮುಗಿಯಿತಂತೆ. ಬೆಂಚಿನ ಮೇಲೆ ಕಾಲು ಚಾಚಿ ಮಂಡಿ ನೀವಿಕೊಳ್ಳುತ್ತಿದ್ದಾಳೆ. ಇಷ್ಟು ನಿರಾಳವಾಗಿ ಅವಳು ಕೂತದ್ದನ್ನು ನಾನು ನೋಡಿಯೇ ಇಲ್ಲ.

ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ಮೇಷ್ಟ್ರು ಹುಡುಕಿಕೊಂಡು ಬರುವುದಿಲ್ಲ. ಅಕ್ಕ ನೆಮ್ಮದಿಯಾಗಿ ಇರುತ್ತಾಳೆ. ಹೇಳಿದರೆ ಈ ಬೆಂಚಿನಿಂದ ಏಳುವವಳು ಬೇರೆ ಅಕ್ಕ. ಹೇಳದಿದ್ದರೆ ಅವಳ ಕೈ ಹಿಡಿದು ಊರಿಗೆ ಹೋಗುವವನು ಇನ್ನೂ ತಟ್ಟೆಗೆ ಕೈ ಹಾಕುವವನೇ.

ಕ್ಲೀನರ್ ಜಾಕಿ ಇಳಿಸುತ್ತಿದ್ದಾನೆ. ಇನ್ನೇನು ಹೊರಡುತ್ತದೆ.

"ಅಷ್ಟೊತ್ತಿಂದ ಏನೋ ಬರೀತಿದೀಯ? ಆಫೀಸ್ ಕೆಲಸಾನಾ?"

ಅಲ್ಲ ಅಕ್ಕ ಎಂದೆ.

"ಮತ್ತೆ?"

ನಿನಗೆ ಹೇಳಬೇಕಾದದ್ದು ಎಂದೆ. ಬಾಯಲ್ಲಿ ಬರುತ್ತಿಲ್ಲ, ಓದಿಕೋ ಎಂದೆ. ನಗುತ್ತಲೇ ಕನ್ನಡಕ ಹಾಕಿಕೊಂಡಳು. ಕೈ ಚಾಚಿದ್ದಾಳೆ. ಇನ್ನೂ ನಗುತ್ತಿದ್ದಾಳೆ. ಈ ಸಾಲು ಮುಗಿಸಿ ಕೊಡು—